ಜಗಳಗಂಟ ಮೀನಿನ ಸಂಸಾರ

ಮೂವತ್ತೈದು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಬಾನುಲಿಯಲ್ಲಿ ಮಾತನಾಡಲು ಕುಳಿತರೆ, ಕೇಳುವವರು ಪಂಪನನ್ನೋ ಕುಮಾರವ್ಯಾಸನನ್ನೋ ನಿರೀಕ್ಷಿಸುವುದು ಸಹಜ. ಆದರೆ ಈ ಹೊತ್ತು ನಾನು ಹೇಳಹೊರಟಿರುವುದು ಒಂದು ಮೀನಿನ ವಿಚಾರ. ಅದೂ ಜಗಳಗಂಟ ಮೀನಿನ ವಿಚಾರ. ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕುವವರು ಅದನ್ನು ಲೋಚ್ ಎಂದು ಕರೆಯುತ್ತಾರೆ. ಈ ಲೋಚನ್ನು ಇತರ ಮೀನುಗಳ ಜೊತೆಯಲ್ಲಿ ಬಾಳಿಸುವುದು ಹೇಗೆ ಎಂಬುದನ್ನು ನಾನು ಕಲಿತದ್ದು ತಡವಾಗಿ. ಆ ಪಾಠಕ್ಕೆ ಶುಲ್ಕ ತೆತ್ತವು ಎರಡು ಸಾಧುಪ್ರಾಣಿಗಳು. ಹಾಗೆ ತೆತ್ತ ಶುಲ್ಕ ನನ್ನೊಬ್ಬನಲ್ಲೇ ವ್ಯರ್ಥವಾಗಬಾರದೆಂದು ಈ ಮಾತು.

ನನ್ನ ಊರು ಹರಿಹರ. ತುಂಗಭದ್ರೆಯ ದಡದಲ್ಲಿ ಹುಟ್ಟಿ ಬೆಳೆದು, ದಾವಣಗೆರೆಯ ಕಾಲೇಜಿಗೆ ದಿನವೂ ಬಸ್ಸಿನಲ್ಲಿ ಹೋಗಿ ಬಂದು, 2019ರಲ್ಲಿ ನಿವೃತ್ತನಾದೆ. ಎರಡೂ ಊರುಗಳ ನಡುವೆ ಇರುವ ದೂರ ಹದಿನಾಲ್ಕು ಕಿಲೋಮೀಟರು ಮಾತ್ರ. ಆದರೂ ಹೆಂಡತಿ ತೀರಿಕೊಂಡ ಮೇಲೆ, 2021ರಲ್ಲಿ ಹರಿಹರದ ಮನೆಗೆ ಬೀಗ ಹಾಕಿ ದಾವಣಗೆರೆಯ ಮಗನ ಮನೆಗೆ ಬಂದು ನೆಲೆಸಿದಾಗ, ಆ ಹದಿನಾಲ್ಕು ಕಿಲೋಮೀಟರು ಒಂದು ಸಮುದ್ರದಷ್ಟು ಅಗಲವಾಗಿ ಕಂಡಿತು. ಹೊತ್ತು ಹೋಗದ ಅಪ್ಪನಿಗೆ ಒಂದು ನೆಪವಿರಲಿ ಎಂದು ಮಗ ಗಾಜಿನ ತೊಟ್ಟಿಯೊಂದನ್ನು ತಂದು ಪಡಸಾಲೆಯಲ್ಲಿಟ್ಟ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಹಿಡಿಯುವ ನೀರು ಸುಮಾರು 56 ಲೀಟರು. ಅದರೊಳಗೆ ಎರಡು ಪುಟ್ಟ ಏಂಜೆಲ್ ಮೀನು, ಹತ್ತು ಗಪ್ಪಿ, ನಾಲ್ಕು ನೀರುಗಿಡ. ಏಂಜೆಲ್ ಮೀನಿನ ನಡಿಗೆಯೇ ನಡಿಗೆ. ಮದುವೆಮನೆಯಲ್ಲಿ ರೇಷ್ಮೆ ಸೀರೆಯ ಸೆರಗು ಜಾರದಂತೆ ನಡೆಯುವ ಹಿರಿಯ ಮುತ್ತೈದೆಯರ ಹಾಗೆ ಅವು ಉದ್ದನೆಯ ಈಜುರೆಕ್ಕೆಗಳನ್ನು ಇಳಿಬಿಟ್ಟುಕೊಂಡು ಮೆಲ್ಲನೆ ಸಾಗುತ್ತಿದ್ದವು. ನನ್ನ ಮಧ್ಯಾಹ್ನಗಳು ಅವುಗಳ ಹಿಂದೆಯೇ ಸಾಗುತ್ತಿದ್ದವು.

ನೀರುಗಿಡಗಳ ಜೊತೆಯಲ್ಲಿ ಕರೆಯದೆಯೇ ಬಂದ ನೆಂಟರೂ ಇದ್ದರು: ಬಸವನಹುಳುಗಳು. ತಿಂಗಳೊಪ್ಪತ್ತಿನಲ್ಲಿ ಗಾಜಿನ ಮೇಲೆಲ್ಲ ಅವುಗಳದೇ ಸಾಮ್ರಾಜ್ಯವಾಯಿತು. ಮೀನಿನ ಅಂಗಡಿಗೆ ಹೋಗಿ ಉಪಾಯ ಕೇಳಿದೆ. ಅಂಗಡಿಯಾತ ಬೆರಳುದ್ದದ ಮೀನೊಂದನ್ನು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ, "ಇದೊಂದು ಬಿಡ್ರಿ ಸಾರ್, ಹುಳ ಎಲ್ಲಾ ಸಾಫ್" ಎಂದ. ಒಂದೇ ಸಾಕು ಎಂದವನೂ ಅವನೇ. ಆ ಮಾತಿನಲ್ಲಿ ಮೊದಲರ್ಧ ಸತ್ಯ. ಉಳಿದರ್ಧವೇ ನನ್ನ ತೊಟ್ಟಿಗೆ ಬಂದ ಶನಿ.

ಆ ಮೀನಿನ ಹೆಸರು ಯೋಯೋ ಲೋಚ್. ಉತ್ತರ ಭಾರತದ ನದಿಗಳ ಮೀನು. ಬೆಳ್ಳಿಯ ಬಣ್ಣದ ಮೈಮೇಲೆ ಕಪ್ಪು ಗೆರೆಗಳು ಇಂಗ್ಲಿಷಿನ ವೈ ಮತ್ತು ಓ ಅಕ್ಷರಗಳನ್ನು ಸಾಲಾಗಿ ಬರೆದಂತೆ ಕಾಣುವುದರಿಂದ ಆ ಹೆಸರು. ಶಾಸನ ಓದುವ ಚಟವಿದ್ದ ನನಗೆ ಅದರಲ್ಲಿ ಒಂದೆರಡು ಹಳಗನ್ನಡದ ಅಕ್ಷರಗಳೂ ಕಂಡದ್ದುಂಟು. ಮೀನು ಬೆಳೆದಂತೆ ಈ ಅಕ್ಷರಗಳು ಕೂಡಿಕೊಂಡು ಬಲೆಯ ಹಾಗೆ ಆಗುತ್ತವೆ. ಬಾಯಿಯ ಸುತ್ತ ಚಿಕ್ಕ ಮೀಸೆಗಳು. ಅವುಗಳಿಂದ ತಳದ ಮರಳನ್ನು ತಡವಿ ಆಹಾರ ಹುಡುಕುತ್ತದೆ. ಕಣ್ಣಿನ ಕೆಳಗೆ, ಚರ್ಮದ ಮಡಿಕೆಯೊಳಗೆ, ಎರಡು ಮೊನೆಯ ಒಂದು ಮುಳ್ಳು. ಅಪಾಯ ಕಂಡಾಗ ಈ ಮುಳ್ಳು ಹೊರಗೆ ಬಂದು ಸೆಟೆದು ನಿಲ್ಲುತ್ತದೆ. ಬಲೆಯಲ್ಲಿ ಹಿಡಿಯಲು ಹೋದರೆ ಬಲೆಗೂ ಸಿಕ್ಕಿಕೊಳ್ಳುತ್ತದೆ, ಬೆರಳಿಗೂ ಚುಚ್ಚುತ್ತದೆ. ಸಾಧುವಿನ ಮುಖ, ಕಣ್ಣ ಕೆಳಗೆ ಕಠಾರಿ.

ಮೊದಲ ವಾರ ಬಸವನಹುಳುಗಳು ಕಡಿಮೆಯಾದವು. ಖಾಲಿ ಚಿಪ್ಪುಗಳು ಮರಳಿನ ಮೇಲೆ ಬಿದ್ದಿರುತ್ತಿದ್ದವು. ನಾನು ಅಂಗಡಿಯವನನ್ನು ಮನಸಾರೆ ಹರಸಿದೆ. ಎರಡನೆಯ ವಾರ ಏಂಜೆಲ್ ಮೀನುಗಳ ರೆಕ್ಕೆಯ ಅಂಚು ಇಲಿ ಕಡಿದ ಸೆರಗಿನಂತೆ ಕಂಡಿತು. ಹಗಲಿನಲ್ಲಿ ಲೋಚ್ ಕಲ್ಲಿನ ಮರೆಯಲ್ಲಿ ಮಲಗಿರುತ್ತಿತ್ತು. ದೀಪ ಆರಿಸಿದ ಮೇಲೆ ಅದರ ದಿನ ಆರಂಭವಾಗುತ್ತಿತ್ತು. ಒಂದು ರಾತ್ರಿ ಕೈದೀಪ ಹಿಡಿದು ನೋಡಿದೆ. ಅದು ಏಂಜೆಲ್ ಮೀನಿನ ಬೆನ್ನ ಹಿಂದೆ ಬಂದು ಬಾಲವನ್ನು ಕಚ್ಚಿ ಎಳೆದು, ಮತ್ತೆ ಕಲ್ಲಿನ ಮರೆಗೆ ಓಡಿ, ಕ್ಷಣ ಬಿಟ್ಟು ಮತ್ತೆ ಬರುತ್ತಿತ್ತು. ಏಂಜೆಲ್ ಮೀನುಗಳು ನೀರಿನ ಮೇಲ್ತುದಿಯ ಒಂದು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಆಹಾರ ಬಿಟ್ಟವು. ಹರಿದ ರೆಕ್ಕೆಗೆ ಕೊಳೆರೋಗ ಹತ್ತಿತು. ಹದಿನೈದು ದಿನಗಳಲ್ಲಿ ಒಂದಾದ ಮೇಲೊಂದು ಸತ್ತವು.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮತ್ಸ್ಯನ್ಯಾಯದ ಮಾತು ಬರುತ್ತದೆ. ದಂಡವಿಲ್ಲದ ನಾಡಿನಲ್ಲಿ ದೊಡ್ಡ ಮೀನು ಚಿಕ್ಕ ಮೀನನ್ನು ನುಂಗುವಂತೆ ಬಲಿಷ್ಠರು ದುರ್ಬಲರನ್ನು ನುಂಗುತ್ತಾರೆ ಎಂಬುದು ಅದರ ಅರ್ಥ. ತರಗತಿಯಲ್ಲಿ ಎಷ್ಟೋ ಬಾರಿ ಅದನ್ನು ವಿವರಿಸಿದ್ದೆ. ಆದರೆ ನನ್ನ ತೊಟ್ಟಿಯಲ್ಲಿ ನಡೆದದ್ದು ಆ ನ್ಯಾಯಕ್ಕೂ ಸೇರುವುದಿಲ್ಲ. ಇಲ್ಲಿ ಕಚ್ಚಿದ್ದು ಚಿಕ್ಕದು, ಸತ್ತದ್ದು ದೊಡ್ಡದು. ನುಂಗುವುದಕ್ಕಾಗಿ ಕಚ್ಚಿದ್ದೂ ಅಲ್ಲ. ಹಾಗಾದರೆ ಯಾತಕ್ಕಾಗಿ?

ಮರುದಿನ ಬೆಳಿಗ್ಗೆ ನೋಡಿದರೆ ಲೋಚ್ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಪಾಪದ ಫಲ ಇಷ್ಟು ಬೇಗ ಬಂತಲ್ಲ ಎಂದುಕೊಂಡು, ಎತ್ತಿ ಹಾಕಲು ಕೈ ನೀರಿಗಿಳಿಸಿದೆ. ಸತ್ತ ಮೀನು ಚಂಗನೆ ಎದ್ದು ಓಡಿತು! ಈ ಜಾತಿಯ ಲೋಚುಗಳು ನಿದ್ರಿಸುವುದೇ ಹಾಗೆ, ಮಗ್ಗುಲಾಗಿ, ಕೆಲವೊಮ್ಮೆ ಬೆನ್ನಡಿಯಾಗಿ ಕೂಡ. ಹೊಸದಾಗಿ ಸಾಕುವವರು ಇದನ್ನು ತಿಳಿದಿರಬೇಕು; ಇಲ್ಲವಾದರೆ ಬದುಕಿರುವುದನ್ನು ಬಚ್ಚಲಿಗೆ ಹಾಕಿಯಾರು.

ಆ ಎರಡು ಏಂಜೆಲ್ ಮೀನುಗಳ ಮೇಲಿನ ಮಮತೆ ಸಿಟ್ಟಾಗಿ ತಿರುಗಿತು. ಲೋಚನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಕುಂದವಾಡ ಕೆರೆಗೆ ಬಿಟ್ಟುಬರಲು ಹೊರಟೆ. ಕೆರೆಯ ಏರಿಯ ಮೇಲೆ ಸಂಜೆ ತಿರುಗಾಡುವವರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಮುಂದೆ ಪ್ರಾಣಿಶಾಸ್ತ್ರ ಓದಿ ಈಗ ಉಪನ್ಯಾಸಕನಾಗಿದ್ದಾನೆ. ಡಬ್ಬಿಯಲ್ಲಿ ಏನೆಂದು ಕೇಳಿದ. ನಾನು ಅಪರಾಧಪಟ್ಟಿಯನ್ನು ಒಪ್ಪಿಸಿದೆ. ಅವನು ಎರಡು ಮಾತು ಹೇಳಿದ. ಮೊದಲನೆಯದು: "ಸರ್, ತೊಟ್ಟಿಯ ಮೀನನ್ನು ಯಾವತ್ತೂ ಕೆರೆಗೆ, ಹೊಳೆಗೆ ಬಿಡಬೇಡಿ." ಎರಡನೆಯದು ಒಂದು ಪ್ರಶ್ನೆ: "ಇದಕ್ಕೆ ಜೊತೆ ಯಾರಿದ್ದಾರೆ?" ಹತ್ತು ಗಪ್ಪಿಗಳಿವೆ ಎಂದೆ. "ಅವು ನೆರೆಹೊರೆ ಸರ್. ನಾನು ಕೇಳಿದ್ದು ಅದರ ಮನೆಯವರನ್ನು." ಡಬ್ಬಿಯನ್ನು ಹಿಂದಕ್ಕೆ ತಂದೆ. ಅಂದಿನಿಂದ ನಾನು ವಿದ್ಯಾರ್ಥಿ, ಅವನು ಮೇಷ್ಟ್ರು.

ಅವನು ಹೇಳಿದ ಮೇಲೆ ಓದತೊಡಗಿದೆ. ಲೋಚುಗಳದು ದೊಡ್ಡ ಬಳಗ. ಅದರಲ್ಲಿ ಎಲ್ಲವೂ ಜಗಳಗಂಟವಲ್ಲ. ನಮ್ಮ ದಕ್ಷಿಣದ ಹೊಳೆಗಳ ಮರಳಿನಲ್ಲಿ ಹುದುಗಿಕೊಂಡಿರುವ ಸಣ್ಣ ಲೋಚುಗಳು ಯಾರ ತಂಟೆಗೂ ಹೋಗದವು. ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿ ಮಡುವುಗಳಾಗಿ ಉಳಿದಾಗ, ಹರಿಹರದ ಹುಡುಗರಾದ ನಾವು ಮರಳು ಬಗೆದು ಅಂಥ ಮೀನುಗಳನ್ನು ಬೊಗಸೆಯಲ್ಲಿ ಹಿಡಿದು ಮತ್ತೆ ಬಿಡುತ್ತಿದ್ದೆವು. ಮರಳುಮೀನು ಎಂಬುದು ನಾವಿಟ್ಟ ಹೆಸರು. ಯೂರೋಪಿನಲ್ಲಿ ಇನ್ನೊಂದು ಬಗೆಯ ಲೋಚ್ ಉಂಟು. ಬಿರುಗಾಳಿ ಬರುವ ಮುನ್ನ ಅದು ಚಡಪಡಿಸುವುದನ್ನು ಕಂಡು ಜನ ಅದನ್ನು ಹವಾಮಾನದ ಮೀನು ಎಂದೇ ಕರೆದರು. ಜಗಳಕ್ಕೆ ಹೆಸರಾದದ್ದು ಬೋಟಿಯ ಮತ್ತು ಅದರ ಹತ್ತಿರದ ಕುಲಗಳ ಲೋಚುಗಳು.

ಈ ಕುಲದ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪುಟವಿದೆ ಎಂಬುದು ತಿಳಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಟಿಪ್ಪುವಿನ ಪತನದ ಮರುವರ್ಷ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆಯಲು ಕಂಪನಿ ಸರಕಾರ ನೇಮಿಸಿದ ವೈದ್ಯ ಫ್ರಾನ್ಸಿಸ್ ಬುಕಾನನ್. ಅವನು 1801ರಲ್ಲಿ ಹರಿಹರ, ದಾವಣಗೆರೆಗಳ ಮೇಲೆ ಹಾದುಹೋದ. ಇಲ್ಲಿಯ ಕಂಬಳಿಯ ವ್ಯಾಪಾರವನ್ನು ವಿವರಿಸಿ ಬರೆದ. ಚರಿತ್ರೆ ಓದಿದವರಿಗೆಲ್ಲ ಆ ಬುಕಾನನ್ ಗೊತ್ತು. ಆದರೆ ಅವನೇ ಮುಂದೆ ಹ್ಯಾಮಿಲ್ಟನ್ ಎಂಬ ಹೆಸರಿನಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಒಂದು ಹೆಗ್ಗ್ರಂಥವನ್ನು 1822ರಲ್ಲಿ ಪ್ರಕಟಿಸಿದನೆಂಬುದೂ, ಚಿನ್ನದ ಮೈಗೆ ಕಪ್ಪು ಪಟ್ಟೆಯಿರುವ ಬಂಗಾಳದ ಲೋಚನ್ನು ವಿಜ್ಞಾನಕ್ಕೆ ಪರಿಚಯಿಸಿದವನು ಅವನೇ ಎಂಬುದೂ ನನಗೆ ಗೊತ್ತಿರಲಿಲ್ಲ. ನೂರು ವರ್ಷ ಕಳೆದ ಮೇಲೆ ಇನ್ನೂ ಹತ್ತಿರದ ಸಂಗತಿ ನಡೆಯಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು 1920ರಲ್ಲಿ ಶಿವಮೊಗ್ಗದ ತುಂಗೆಯಿಂದ ಒಂದು ಹೊಸ ಲೋಚನ್ನು ವರ್ಣಿಸಿದರು. ಮೈತುಂಬ ಒತ್ತೊತ್ತಾದ ಸಣ್ಣ ಪಟ್ಟೆಗಳಿರುವ ಆ ಮೀನನ್ನು ಇಂದು ಪ್ರಪಂಚದ ಸಾಕಣೆಗಾರರೆಲ್ಲ ಜೀಬ್ರಾ ಲೋಚ್ ಎನ್ನುತ್ತಾರೆ. ಕರೆಂಟ್ ಸೈನ್ಸ್ ಪತ್ರಿಕೆ 1932ರಲ್ಲಿ ಆರಂಭವಾದಾಗ ಅದರ ಮೊದಲ ಸಂಪಾದಕರಾದವರೂ ಇವರೇ.

ಮೀನಿನ ಮೇಲಿನ ಕುತೂಹಲ ನಮ್ಮಲ್ಲಿ ಪಶ್ಚಿಮದಿಂದ ಬಂದದ್ದೆಂದು ತಿಳಿಯಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಮೀನಿನ ಜಾತಿಗಳು, ಅವುಗಳಿಗೆ ಹಾಕುವ ಆಹಾರ, ಗಾಳ ಹಾಕುವ ವಿಧಾನ ಎಲ್ಲವೂ ಅಲ್ಲಿವೆ. ಬೆಟ್ಟದ ಹೊಳೆಗಳ ಮೀನುಗಳನ್ನು ಜೀವಮಾನವಿಡೀ ಅಭ್ಯಸಿಸಿದ ಸುಂದರಲಾಲ ಹೋರಾ ಅವರು 1951ರಲ್ಲಿ ಸೋಮೇಶ್ವರನ ಆ ಮೀನುಗಳ ಮೇಲೆ ಒಂದು ವಿದ್ವತ್ಪೂರ್ಣ ಲೇಖನವನ್ನೇ ಬರೆದರು. ಮೀನಿಗೆ ಏನು ರುಚಿ ಎಂದು ಒಬ್ಬ ಚಕ್ರವರ್ತಿ ಯೋಚಿಸಿದ್ದನೆಂದ ಮೇಲೆ, ಒಬ್ಬ ನಿವೃತ್ತ ಮೇಷ್ಟ್ರು ಯೋಚಿಸಿದರೆ ನಗೆಪಾಟಲೇನಲ್ಲ.

ಇನ್ನು ಜಗಳದ ಕಾರಣಕ್ಕೆ ಬರುತ್ತೇನೆ. ಬೋಟಿಯ ಲೋಚುಗಳು ಹೊಳೆಯಲ್ಲಿ ಗುಂಪುಗೂಡಿ ಬಾಳುವ ಜೀವಿಗಳು. ಗುಂಪಿನಲ್ಲಿ ಹಿರಿಯ ಯಾರು, ಕಿರಿಯ ಯಾರು ಎಂಬುದು ತೀರ್ಮಾನವಾಗಬೇಕು. ಅದಕ್ಕಾಗಿ ಎರಡು ಮೀನುಗಳು ಮೈಗೆ ಮೈ ತಾಗಿಸಿ ಸುತ್ತು ಹಾಕುತ್ತವೆ, ರೆಕ್ಕೆ ನಿಗುರಿಸುತ್ತವೆ, ನೂಕಾಡುತ್ತವೆ. ಆಗ ಅವುಗಳ ಮೈಬಣ್ಣ ಬೂದಿ ಹಚ್ಚಿದಂತೆ ಮಂಕಾಗುವುದುಂಟು. ಟಕ್ ಟಕ್ ಎಂಬ ಸದ್ದು ಗಾಜಿನ ಹೊರಗೂ ಕೇಳಿಸುತ್ತದೆ. ಸ್ವಲ್ಪ ಹೊತ್ತಿನಲ್ಲಿ ಒಂದು ಗೆಲ್ಲುತ್ತದೆ, ಒಂದು ಸೋಲುತ್ತದೆ, ಎರಡೂ ಊಟಕ್ಕೆ ಹೋಗುತ್ತವೆ. ಹೊಡೆದಾಟದಂತೆ ಕಾಣುವ ಇದು ಅವುಗಳ ಭಾಷೆ. ಒಂಟಿಯಾಗಿ ಬಂದ ಲೋಚಿಗೆ ಈ ಭಾಷೆಯಲ್ಲಿ ಉತ್ತರ ಕೊಡುವವರಿಲ್ಲ. ಆದರೂ ಅದು ಮಾತನಾಡುವುದನ್ನು ಬಿಡುವುದಿಲ್ಲ. ಆ ಮಾತು ತಿಳಿಯದ ಏಂಜೆಲ್ ಮೀನಿನ ಜೊತೆ ಆಡುತ್ತದೆ. ಏಂಜೆಲಿಗೆ ಅದು ಮಾತಲ್ಲ, ಕಡಿತ.

ಎರಡನೆಯ ಕಾರಣ ಗಾಜು. ಹೊಳೆಯಲ್ಲಿ ಸೋತ ಮೀನು ಹತ್ತು ಮಾರು ಈಜಿ ಹೋದರೆ ಗೆದ್ದ ಮೀನು ಅದನ್ನು ಮರೆಯುತ್ತದೆ. ಎರಡಡಿ ತೊಟ್ಟಿಯಲ್ಲಿ ಸೋತವನು ಎಲ್ಲಿಗೆ ಓಡಬೇಕು? ಓಡಿ ಓಡಿ ಗೆದ್ದವನ ಎದುರಿಗೇ ಬರುತ್ತಾನೆ. ತನ್ನ ಎದುರಿಗೆ ಪುನಃ ಪುನಃ ಬರುವವನನ್ನು ಗೆದ್ದವನು ಪುನಃ ಪುನಃ ಕಚ್ಚುತ್ತಾನೆ. ಆದ್ದರಿಂದ ತೊಟ್ಟಿಯ ಯಜಮಾನನು ಚಿಂತಿಸಬೇಕಾದದ್ದು ಗೆದ್ದವನನ್ನು ಶಿಕ್ಷಿಸುವುದು ಹೇಗೆಂದಲ್ಲ. ಸೋತವನು ಕಣ್ಮರೆಯಾಗಲು ಜಾಗ ಎಲ್ಲಿದೆ ಎಂದು. ಜಗಳಗಂಟ ಮೀನು ಸಾಕುವ ವಿದ್ಯೆಯೆಲ್ಲ ಈ ಒಂದು ಮಾತಿನಲ್ಲಿ ಅಡಗಿದೆ ಎಂದರೆ ತಪ್ಪಾಗದು.

ಈ ಎರಡು ಕಾರಣಗಳಿಂದ ಹುಟ್ಟುವ ಉಪಾಯಗಳನ್ನು ಒಂದೊಂದಾಗಿ ಹೇಳುತ್ತೇನೆ. ಮೊದಲು ಸಂಖ್ಯೆ. ಒಂದು ಲೋಚ್ ತರಬೇಡಿ. ಎರಡು ತಂದರೆ ಬಲವಾದದ್ದು ಇನ್ನೊಂದನ್ನು ದಿನವಿಡೀ ಕಾಡುತ್ತದೆ. ಮೂರಾದರೆ ಎರಡು ಒಂದಾಗಿ ಮೂರನೆಯದು ಹೊರಗುಳಿಯುತ್ತದೆ. ಐದಾರು ಇದ್ದರೆ ಜಗಳ ಹಂಚಿಹೋಗುತ್ತದೆ. ಯಾರೊಬ್ಬರ ಪಾಲಿಗೂ ಅದು ಪ್ರಾಣಾಂತಿಕವಾಗುವಷ್ಟು ಬರುವುದಿಲ್ಲ. ಬಲವಾದ ಒಂದನ್ನು ಒಂಟಿಯಾಗಿಟ್ಟರೆ ಶಾಂತಿ ಎಂದುಕೊಂಡಿದ್ದ ನನಗೆ, ಜಗಳಗಂಟರನ್ನು ಹೆಚ್ಚಿಸಿ ಜಗಳ ತಗ್ಗಿಸುವ ಈ ಲೆಕ್ಕ ಅರಗಲು ಕಷ್ಟವಾಯಿತು.

ಸಂಖ್ಯೆ ಹೆಚ್ಚಿದರೆ ಮನೆಯೂ ಹಿಗ್ಗಬೇಕು. ಯೋಯೋ ಲೋಚ್ ಐದಾರು ಅಂಗುಲ ಬೆಳೆಯುತ್ತದೆ. ಅಂಥ ಆರಕ್ಕೆ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ ಬೇಕು. ಅದರಲ್ಲಿ ಸುಮಾರು 255 ಲೀಟರು ನೀರು ಹಿಡಿಯುತ್ತದೆ. ತಳದಲ್ಲಿ ನುಣುಪಾದ ಮರಳಿರಲಿ. ಚೂಪಾದ ಜಲ್ಲಿ ಹಾಕಿದರೆ ಮೀಸೆ ಸವೆಯುತ್ತದೆ. ಮರಳಿನ ಮೇಲೆ ಅಡಗುದಾಣಗಳನ್ನು ಮೀನಿನ ಸಂಖ್ಯೆಗಿಂತ ಹೆಚ್ಚಾಗಿಯೇ ಇಡಿ. ಕುಂಬಾರರ ಕುಡಿಕೆಗಳು, ತೆಂಗಿನ ಚಿಪ್ಪು, ಪೈಪಿನ ತುಂಡು, ಗುಂಡುಕಲ್ಲು ಯಾವುದಾದರೂ ಆದೀತು. ಕಲ್ಲಿನ ಮೇಲೆ ನಿಂಬೆರಸ ಹಿಂಡಿ ನೋಡಿ. ನೊರೆ ಬಂದರೆ ಅದರಲ್ಲಿ ಸುಣ್ಣವಿದೆ, ಬೇಡ. ಒಂದು ಗುಹೆಯ ಬಾಯಿಂದ ಇನ್ನೊಂದು ಗುಹೆ ಕಾಣಿಸದಂತೆ ಜೋಡಿಸುವುದು ಮುಖ್ಯ. ತೊಟ್ಟಿಯ ಬಾಯಿಗೆ ಜಾಲರಿ ಇರಲಿ, ಲೋಚುಗಳು ನೆಗೆಯುತ್ತವೆ.

ಮೂರನೆಯದು ನೆರೆಹೊರೆ. ಉದ್ದ ರೆಕ್ಕೆಯ, ನಿಧಾನ ನಡೆಯ ಮೀನುಗಳು ಲೋಚಿನ ಜೊತೆ ಬೇಡವೇ ಬೇಡ: ಏಂಜೆಲ್, ಫೈಟರ್, ಬೀಸಣಿಗೆ ಬಾಲದ ಗೋಲ್ಡ್ ಫಿಶ್, ಗಪ್ಪಿ. ತಳದಲ್ಲೇ ವಾಸಿಸುವ ಇತರ ಸಾಧು ಮೀನುಗಳೂ ಬೇಡ. ಒಂದೇ ಜಗಲಿಗೆ ಇಬ್ಬರು ಹಕ್ಕುದಾರರಾಗುತ್ತಾರೆ. ಸೀಗಡಿ ತಂದರೆ ಅದು ನೆರೆಯಲ್ಲ, ಊಟ. ಹೊಂದುವವು ನೀರಿನ ನಡುವೆ ಮತ್ತು ಮೇಲೆ ಚುರುಕಾಗಿ ಈಜುವ, ಗುಂಪಾಗಿರುವ ಮೀನುಗಳು. ಬಾರ್ಬ್ ಜಾತಿಯವು, ದೊಡ್ಡ ಡ್ಯಾನಿಯೋಗಳು ಒಳ್ಳೆಯ ನೆರೆಯವರು. ಲೋಚುಗಳಲ್ಲಿಯೇ ತಾರತಮ್ಯವುಂಟು. ತುಂಗೆಯ ಜೀಬ್ರಾ ಲೋಚ್ ಸೌಮ್ಯ. ಸುಮಾತ್ರಾ, ಬೋರ್ನಿಯೋಗಳ ಕ್ಲೌನ್ ಲೋಚ್ ಸಾಧುವಾದರೂ ಒಂದಡಿ ಬೆಳೆಯುವ ದೈತ್ಯ. ಬೆನ್ನ ಮೇಲೆ ಕಪ್ಪು ಗೆರೆಯಿರುವ ಸ್ಕಂಕ್ ಲೋಚ್ ಮತ್ತು ಹುಲಿಪಟ್ಟೆಯ ಟೈಗರ್ ಲೋಚುಗಳು ಮಾತ್ರ ಹುಟ್ಟುಗಲಿಗಳು. ಅವುಗಳನ್ನು ಅನುಭವವಿಲ್ಲದವರು ಇತರ ಮೀನುಗಳೊಡನೆ ಇಡದಿರುವುದೇ ಮೇಲು.

ಹಸಿವು ಜಗಳದ ಅಕ್ಕ. ಮೇಲೆ ತೇಲುವ ಆಹಾರವನ್ನು ಇತರ ಮೀನುಗಳು ಮುಗಿಸಿಬಿಡುತ್ತವೆ. ತಳದವರಿಗೆ ಏನೂ ಉಳಿಯುವುದಿಲ್ಲ. ಮುಳುಗುವ ಗುಳಿಗೆಗಳನ್ನು ದೀಪ ಆರಿಸಿದ ಮೇಲೆ ಎರಡು ಮೂರು ಕಡೆ ಹಾಕಬೇಕು. ಎರೆಹುಳು, ಬೆಂದ ಸೌತೆಕಾಯಿಯ ಹೋಳು ಇವಕ್ಕೆ ಹಬ್ಬದೂಟ. ಹೊಸ ಮೀನನ್ನು ಬಿಡುವ ದಿನ ಕಲ್ಲುಕುಡಿಕೆಗಳನ್ನೆಲ್ಲ ಸ್ಥಳ ಬದಲಿಸಿ ಇಟ್ಟು, ಕತ್ತಲೆಯಲ್ಲಿ ಬಿಡಿ. ಆಗ ಹಳಬರಿಗೂ ಊರು ಹೊಸದಾಗಿ, ನನ್ನ ಓಣಿ ನಿನ್ನ ಓಣಿ ಎಂಬ ಹಟ ಕಡಿಮೆಯಾಗುತ್ತದೆ. ಅದಕ್ಕೂ ಮೊದಲು ಹೊಸಬರನ್ನು ಮೂರು ವಾರ ಬೇರೆ ಪಾತ್ರೆಯಲ್ಲಿ ಇಟ್ಟಿರಬೇಕು. ಲೋಚಿನ ಹುರುಪೆಗಳು ತೀರ ಸಣ್ಣವು. ಬಿಳಿಚುಕ್ಕೆ ರೋಗ ಬಹುಬೇಗ ಹತ್ತುತ್ತದೆ, ಔಷಧಿಯೂ ಬಹುಬೇಗ ನಾಟುತ್ತದೆ. ಇತರ ಮೀನುಗಳಿಗೆ ಕೊಡುವ ಪ್ರಮಾಣವನ್ನೇ ಇವಕ್ಕೆ ಕೊಟ್ಟರೆ ರೋಗದ ಜೊತೆಗೆ ರೋಗಿಯೂ ಹೋಗಬಹುದು.

ದಾವಣಗೆರೆಯ ಬೇಸಿಗೆಗೂ ಒಂದು ಮಾತು ಮೀಸಲಿಡಬೇಕು. ಹೊರಗೆ ನಲವತ್ತು ಡಿಗ್ರಿಯ ಹತ್ತಿರ ಕಾಯುವ ದಿನಗಳಲ್ಲಿ ತೊಟ್ಟಿಯ ನೀರೂ ಕಾಯುತ್ತದೆ. ಕಾದ ನೀರಿನಲ್ಲಿ ಪ್ರಾಣವಾಯು ಕಡಿಮೆ ಕರಗುತ್ತದೆ. ಉಸಿರು ಕಟ್ಟಿದ ಮೀನು ಸಿಡುಕುತ್ತದೆ. ಗಾಳಿಯ ಪಂಪು ನಿಲ್ಲಬಾರದು. ವಿದ್ಯುತ್ತು ಹೋದಾಗ ನಡೆಯಲು ಬ್ಯಾಟರಿಯ ಪಂಪೊಂದು ಕೈಗೆ ಸಿಗುವಂತಿರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದನ್ನು ಒಂದು ದಿನ ಬಾಯಗಲದ ಪಾತ್ರೆಯಲ್ಲಿಟ್ಟು ಹಾಕಿ. ಆ ನೀರು ಯಾವುದೆಂದು ಬಲ್ಲಿರಾ? ಹರಿಹರದ ಬಳಿ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತಿ ದಾವಣಗೆರೆಗೆ ತಂದದ್ದು. ತೊಟ್ಟಿಗೆ ನೀರೆರೆಯುವಾಗ ಹೊಳೆ ನನ್ನನ್ನು ಹುಡುಕಿಕೊಂಡು ಬಂತೇನೋ ಎನ್ನಿಸುತ್ತದೆ.

ದೊಡ್ಡ ತೊಟ್ಟಿ ಬಂತು. ಹಳೆಯ ಅಪರಾಧಿಗೆ ಐದು ಮಂದಿ ಬಂಧುಗಳು ಬಂದರು. ಗಪ್ಪಿಗಳು ಹಳೆಯ ತೊಟ್ಟಿಯಲ್ಲೇ ಉಳಿದವು. ಹೊಸದಕ್ಕೆ ಎಂಟು ಬಾರ್ಬುಗಳು ಸೇರಿದವು. ಮೊದಲ ಮೂರು ರಾತ್ರಿ ಟಕ್ ಟಕ್ ಸದ್ದು, ಬಣ್ಣಗೆಟ್ಟ ಮೈಗಳು, ಸುತ್ತಾಟ. ನಾಲ್ಕನೆಯ ದಿನ ಆರೂ ಒಂದೇ ಕುಡಿಕೆಯಲ್ಲಿ ಬೀಡಿ ಕಟ್ಟಿನ ಹಾಗೆ ಒತ್ತಿಕೊಂಡು ಮಲಗಿದ್ದವು. ಉಳಿದ ಒಂಬತ್ತು ಕುಡಿಕೆಗಳು ಖಾಲಿ. ಬಾರ್ಬುಗಳ ರೆಕ್ಕೆ ಇಂದಿಗೂ ಹರಿದಿಲ್ಲ. ಆಟಕ್ಕೂ ಆಪತ್ತಿಗೂ ಇರುವ ಅಂತರವನ್ನು ಗುರುತಿಸಲು ನಾನು ನೋಡುವುದು ಮೂರನ್ನು: ರೆಕ್ಕೆ ಹರಿದಿದೆಯೇ, ಯಾವುದಾದರೂ ಮೀನು ಸದಾ ಮೂಲೆ ಹಿಡಿದಿದೆಯೇ, ಊಟ ಬಿಟ್ಟಿದೆಯೇ. ಮೂರಕ್ಕೂ ಇಲ್ಲ ಎಂದಾದರೆ ಜಗಳ ನಡೆಯಲಿ, ಅದು ಸಂಸಾರ.

ಇಷ್ಟನ್ನು ಹೇಳಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಮೇಷ್ಟ್ರು ಕ್ಷಮಿಸಲಾರ. ಬೋಟಿಯ ಲೋಚುಗಳು ಮನೆಯ ತೊಟ್ಟಿಯಲ್ಲಿ ಸಾಮಾನ್ಯವಾಗಿ ಮರಿಮಾಡುವುದಿಲ್ಲ. ಮಾರುಕಟ್ಟೆಗೆ ಬರುವವುಗಳಲ್ಲಿ ಎಷ್ಟೋ ಹೊಳೆಯಿಂದಲೇ ಹಿಡಿದವು. ನಾರಾಯಣರಾಯರ ಆ ತುಂಗೆಯ ಲೋಚ್ ಪಶ್ಚಿಮಘಟ್ಟದ ಕೆಲವೇ ಹೊಳೆಗಳಿಗೆ ಸೀಮಿತವಾದದ್ದು. ಅಳಿವಿನ ಅಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಅದರ ಹೆಸರು ಸೇರಿದೆ. ಹೊಳೆಯಿಂದ ಹಿಡಿದು ತಂದ ಅದನ್ನು ಕೊಳ್ಳುವುದೆಂದರೆ ನಮ್ಮ ಹೊಳೆಯನ್ನೇ ಒಂದು ಬೊಗಸೆ ಖಾಲಿ ಮಾಡಿದಂತೆ. ತೊಟ್ಟಿಯ ಮೀನನ್ನು ಹೊಳೆಗೆ ಬಿಡುವುದು ಇದರ ಇನ್ನೊಂದು ಮುಖ. ಹಾಗೆ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ಭಾರತದ ಎಷ್ಟೋ ಕೆರೆಗಳಲ್ಲಿ ಬೇರೂರಿ ಸ್ಥಳೀಯ ಮೀನುಗಳ ಅನ್ನಕ್ಕೆ ಸಂಚಕಾರ ತಂದಿದೆ. 1980ರ ದಶಕದಲ್ಲಿ ಹರಿಹರದ ಕೆಳಗಿನ ಹೊಳೆಯಲ್ಲಿ ಕಾರ್ಖಾನೆಯ ಕೊಳೆನೀರಿನಿಂದ ಮೀನುಗಳು ಸತ್ತು ತೇಲಿದಾಗ ಜನ ಬೀದಿಗಿಳಿದು ಹೋರಾಡಿದ್ದರು. ಹೊಳೆಗೆ ಕೇಡು ಬಗೆಯುವವರು ದೊಡ್ಡವರು ಮಾತ್ರ ಎಂದು ಅಂದು ನಾನೂ ನಂಬಿದ್ದೆ. ಡಬ್ಬಿ ಹಿಡಿದು ಕುಂದವಾಡ ಕೆರೆಗೆ ಹೊರಟಿದ್ದವನು ನಾನೇ.

ಕೊನೆಗೊಂದು ಸ್ವಂತದ ಮಾತು. ಆ ಮೊದಲ ವರ್ಷ ನಮ್ಮ ಮನೆಯಲ್ಲಿ ಕಚ್ಚುತ್ತಿದ್ದುದು ಲೋಚ್ ಒಂದೇ ಅಲ್ಲ. ನಲ್ಲಿ ತೊಟ್ಟಿಕ್ಕಿದರೆ ನಾನು ಸಿಡುಕುತ್ತಿದ್ದೆ. ಪತ್ರಿಕೆಯ ಮಡಿಕೆ ಕೆಟ್ಟರೆ ಸಿಡುಕುತ್ತಿದ್ದೆ. ಸಾರಿನ ಉಪ್ಪು ದಿನವೂ ಹೆಚ್ಚು ಇಲ್ಲವೆ ಕಡಿಮೆ. ಮೊಮ್ಮಗನ ಕಾಗುಣಿತದಲ್ಲಿ ತಪ್ಪು ಹುಡುಕಿ ಅವನನ್ನು ಅಳಿಸಿದ್ದೂ ಉಂಟು. ಹರಿಹರದಲ್ಲಿದ್ದಾಗ ಸಂಜೆಯ ಹೊತ್ತು ನಾವು ಐದಾರು ಮಂದಿ ಹೊಳೆಯ ದಡದಲ್ಲಿ ಕುಳಿತು ಷಟ್ಪದಿಯ ಮಾತ್ರೆ, ವಚನದ ಪಾಠಾಂತರ, ಮುನಿಸಿಪಾಲಿಟಿಯ ರಾಜಕೀಯ, ಎಲ್ಲಕ್ಕೂ ಗಂಟಲು ಹರಿಯುವಂತೆ ಕಾದಾಡುತ್ತಿದ್ದೆವು; ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದು ಮನೆಗೆ ಹೋಗುತ್ತಿದ್ದೆವು. ಆ ಜಗಳ ನಿಂತುಹೋಗಿತ್ತು. ಅದರ ಋಣ ನನ್ನ ಸೊಸೆ, ಮೊಮ್ಮಗನ ಪಾಲಿಗೆ ಬಂದಿತ್ತು. "ಇದಕ್ಕೆ ಜೊತೆ ಯಾರಿದ್ದಾರೆ?" ಎಂಬ ಪ್ರಶ್ನೆ ಡಬ್ಬಿಯೊಳಗಿನ ಮೀನನ್ನು ಕುರಿತದ್ದು. ಅದು ಡಬ್ಬಿ ಹಿಡಿದವನಿಗೂ ತಾಗುತ್ತದೆಂದು ತಿಳಿಯಲು ನನಗೆ ತಿಂಗಳುಗಳೇ ಬೇಕಾದವು.

ಈಗ ವಾರಕ್ಕೆರಡು ಸಂಜೆ ಬಸ್ಸು ಹತ್ತಿ ಹರಿಹರಕ್ಕೆ ಹೋಗುತ್ತೇನೆ. ಐದಾರಿದ್ದವರು ಈಗ ನಾಲ್ಕಾಗಿದ್ದೇವೆ. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರನ ಗುಡಿಯಲ್ಲಿ ಹರಿಯೂ ಹರನೂ ಒಂದೇ ಮೂರ್ತಿಯಲ್ಲಿ ಅರ್ಧರ್ಧ ಹಂಚಿಕೊಂಡು ನಿಂತಿದ್ದಾರೆ. ಅಷ್ಟೊಂದು ಸಾಮರಸ್ಯ ನಮ್ಮಿಂದಾಗದು. ಗುಡಿಯಿಂದ ಹೊಳೆಯ ದಡಕ್ಕೆ ಬರುವಷ್ಟರಲ್ಲಿ ನಮ್ಮ ಕಾದಾಟ ಆರಂಭವಾಗಿರುತ್ತದೆ. ಮೊನ್ನೆ ಸೊಸೆ ಬಡಿಸುತ್ತ ಹೇಳಿದಳು: "ಮಾವ, ನೀವು ಹರಿಹರಕ್ಕೆ ಹೋಗಿ ಬಂದ ದಿನ ಸಾರಿಗೆ ಉಪ್ಪು ಸರಿಯಾಗಿ ಬಿದ್ದಿರುತ್ತೆ ನೋಡಿ." ನಾನು ತಲೆ ತಗ್ಗಿಸಿಕೊಂಡು ಇನ್ನೊಂದು ಸೌಟು ಹಾಕಿಸಿಕೊಂಡೆ. ಪಡಸಾಲೆಯ ತೊಟ್ಟಿಯಲ್ಲಿ ದೀಪ ಆರಿತ್ತು. ಟಕ್ ಟಕ್ ಎಂಬ ಸದ್ದು ಕೇಳಿಸುತ್ತಿತ್ತು.